ಮರದಾಚೆ ದಾರ ಇಳಿಸುವ ಕೆಲಸ: ಹ್ಯಾಮ್ ಆಂಟೆನಾ ಕಟ್ಟುವವರಿಗೆ

ಕಾಫಿ ತೋಟದ ನಡುವೆ ಮನೆ ಇರುವ, ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವ ಹ್ಯಾಮ್‌ಗೆ ಟವರಿನ ಚಿಂತೆ ಇಲ್ಲ. ನಮ್ಮದು ಮೂಡಿಗೆರೆ ಕಡೆ. ಮನೆ ಸುತ್ತ 60-70 ಅಡಿಯ ಸಿಲ್ವರ್ ಓಕ್, ಅದಕ್ಕೂ ಎತ್ತರದ ಮತ್ತಿ, ಹೆಬ್ಬಲಸು. ಪೇಟೆಯ ಗೆಳೆಯರು ತಾರಸಿ ಮೇಲೆ ಜಿಐ ಪೈಪು ನಿಲ್ಲಿಸಿ, ಪಕ್ಕದ ಮನೆಯವರ ಹತ್ತಿರ ಬೈಸಿಕೊಂಡು, 25 ಅಡಿಗೇ ಸುಸ್ತಾಗುತ್ತಾರೆ. ನಮಗೆ ಮರವೇ ಕಂಬ. ಆದರೆ ಮರದ ಮೇಲಕ್ಕೆ ಹಗ್ಗ ಹೋಗಬೇಕಲ್ಲ. ತೋಟ ನೋಡಲು ಬಂದ ಹ್ಯಾಮ್‌ಗಳೆಲ್ಲ ಕೇಳುವುದು ಇದನ್ನೇ: "ಅಷ್ಟು ಎತ್ತರಕ್ಕೆ ಹೇಗೆ ಎಸೀತೀರಿ ಸಾರ್?"

ಎಸೆಯುವುದು ದೊಡ್ಡ ವಿಷಯವೇ ಅಲ್ಲ. ಮಂಗ ಓಡಿಸಲು ಚಾಟಿಬಿಲ್ಲು ಹಿಡಿಯುವ ನಮ್ಮೂರಿನ ಯಾವ ಹುಡುಗನನ್ನು ಕರೆದರೂ ಮರದ ನೆತ್ತಿಯ ಮೇಲಿಂದ ದಾರ ಕಟ್ಟಿದ ಸೀಸದ ಗುಂಡು ದಾಟಿಸಿ ಕೊಡುತ್ತಾನೆ. ಕಷ್ಟ ಇರುವುದು ಮರದ ಆಚೆ ಬದಿಯಲ್ಲಿ. ದಾಟಿದ ಗುಂಡು ಎಲೆ, ರೆಂಬೆ, ಮೆಣಸಿನ ಬಳ್ಳಿ ಇಷ್ಟರ ನಡುವೆ ನುಸುಳಿ ನೆಲ ಮುಟ್ಟಬೇಕು. ಹೊಸಬರ ಗುಂಡು ಸಿಕ್ಕಿಕೊಳ್ಳುವುದೆಲ್ಲ ಅಲ್ಲೇ. ಆಮೇಲೆ ಅವರು ಇನ್ನೂ ಗಟ್ಟಿ ರಬ್ಬರ್ ತರುತ್ತಾರೆ, ಗುಂಡು ಇನ್ನೂ ಎತ್ತರಕ್ಕೆ ಹೋಗಿ ಇನ್ನೂ ಮೇಲೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಹೊಡೆಯುವುದಕ್ಕಿಂತ ಇಳಿಸುವುದರ ಬಗ್ಗೆಯೇ ಇಲ್ಲಿ ಹೆಚ್ಚು ಬರೆಯುತ್ತೇನೆ.

ಎತ್ತರದ ದುರಾಸೆ

ಮೊದಲು ಎಷ್ಟು ಎತ್ತರ ಬೇಕು ಅಂತ ತೀರ್ಮಾನ ಮಾಡಿ. ನಮ್ಮ ದೇಶದಲ್ಲಿ ಬೆಳಗಿನ ಮಾತುಕತೆ ಜಾಸ್ತಿ ನಡೆಯುವುದು 40 ಮೀಟರ್ ಬ್ಯಾಂಡಿನಲ್ಲಿ, ಅಂದರೆ 7.0ರಿಂದ 7.2 ಮೆಗಾಹರ್ಟ್ಸ್. 7.1ಕ್ಕೆ ಅರ್ಧ ತರಂಗದ ಡೈಪೋಲ್ (ನಡುವೆ ಕೇಬಲ್ ಜೋಡಿಸಿ ಎರಡು ಕಡೆಗೆ ಚಾಚಿದ ತಂತಿ ಆಂಟೆನಾ) ಎಷ್ಟುದ್ದ ಅಂದರೆ, ಅಡಿಯ ಲೆಕ್ಕಕ್ಕೆ ಬಳಸುವ 468ನ್ನು 7.1ರಿಂದ ಭಾಗಿಸಿ: ಸುಮಾರು 66 ಅಡಿ ತಂತಿ, ನಡುವಿನಿಂದ ಆಚೆ 33, ಈಚೆ 33. ಕತ್ತರಿಸುವಾಗ ಎರಡೂ ಕಡೆ ಒಂದೊಂದು ಅಡಿ ಹೆಚ್ಚೇ ಬಿಡಿ. ಮೇಲೇರಿಸಿ ಎಸ್‌ಡಬ್ಲ್ಯೂಆರ್ (ಆಂಟೆನಾ ರೇಡಿಯೋಗೆ ಎಷ್ಟು ಹೊಂದಿದೆ ಅನ್ನುವ ಅಳತೆ) ನೋಡಿ ಕತ್ತರಿಸುತ್ತ ಬರಬಹುದು, ಕತ್ತರಿಸಿದ್ದನ್ನು ಬೆಳೆಸಲು ಬರುವುದಿಲ್ಲ.

ಈ ಡೈಪೋಲ್ 33 ಅಡಿ ಎತ್ತರದಲ್ಲಿದ್ದರೆ ಸಿಗ್ನಲ್ ಹೆಚ್ಚಾಗಿ ನೆತ್ತಿಯ ಕಡೆಗೇ ಹೋಗಿ, ಮೇಲಿನ ವಾತಾವರಣದ ಅಯಾನುಗೋಳಕ್ಕೆ ಬಡಿದು, ಸುತ್ತಲಿನ ಕೆಲವು ನೂರು ಕಿಲೋಮೀಟರಿಗೆ ಮಳೆಯ ಹಾಗೆ ಸುರಿಯುತ್ತದೆ. ಬೀದರಿನವರ ಜೊತೆ, ಚೆನ್ನೈನವರ ಜೊತೆ, ಕೊಚ್ಚಿಯವರ ಜೊತೆ ಮಾತಾಡಲು ಇದೇ ಬೇಕು. ಯುರೋಪು, ಜಪಾನು ಅಂತ ಆಸೆ ಇದ್ದರೆ 7 ಮೆಗಾಹರ್ಟ್ಸ್‌ನಲ್ಲಿ 65 ಅಡಿ ಹತ್ತಿರ, ಅಂದರೆ ಅರ್ಧ ತರಂಗದಷ್ಟು ಎತ್ತರಕ್ಕೆ ಹೋಗಬೇಕು. ಆಗ ಸಿಗ್ನಲ್ ಕೆಳಗಿನ ಕೋನದಲ್ಲಿ ಹೊರಡುತ್ತದೆ. ಆದರೆ 14 ಮೆಗಾಹರ್ಟ್ಸ್‌ಗೆ ಆ ಅರ್ಧ ತರಂಗದ ಎತ್ತರ ಅಂದರೆ ಅದೇ 33-34 ಅಡಿ. ದೂರದವರು ಸಿಗಲು 20 ಮೀಟರ್ ಬ್ಯಾಂಡಿಗೆ ಅಷ್ಟೇ ಸಾಕು. ಆದ್ದರಿಂದ ಮೊದಲ ಆಂಟೆನಾಗೆ 35-40 ಅಡಿ ಇಟ್ಟುಕೊಳ್ಳಿ. 80 ಅಡಿ ಹೆಬ್ಬಲಸಿನ ಮೇಲೆ ಕಣ್ಣು ಹಾಕುವುದು ಆಮೇಲಾಯಿತು.

ಎತ್ತರದ ಮರ ಒಂದೇ ಇದ್ದರೆ ಇನ್ವರ್ಟೆಡ್ ವಿ ಮಾಡಿ. ನಡು ಭಾಗ ಮರಕ್ಕೆ, ಎರಡು ತುದಿಗಳು ಇಳಿಜಾರಾಗಿ ಕೆಳಗೆ. ನಡುವಿನ ಕೋನ 90 ಡಿಗ್ರಿಗಿಂತ ಕಿರಿದಾಗಬಾರದು. ತುದಿಗಳು ಕೈಗೆ ಎಟುಕಬಾರದು, ದನದ ಕೊಂಬಿಗೂ ಎಟುಕಬಾರದು. ಪ್ರಸಾರ ಮಾಡುವಾಗ ಡೈಪೋಲಿನ ತುದಿಯಲ್ಲಿ ವೋಲ್ಟೇಜ್ ಜಾಸ್ತಿ, 100 ವಾಟ್‌ನಲ್ಲೂ ಮುಟ್ಟಿದರೆ ಚರ್ಮ ಸುಡುತ್ತದೆ. ಕನಿಷ್ಠ 10 ಅಡಿ ಇರಲಿ.

ಯಾವ ಮರ

ಸಿಲ್ವರ್ ಓಕ್ ನೆಟ್ಟಗೆ ಹೋಗುತ್ತದೆ, ವರ್ಷವರ್ಷ ಮರಗಸಿ (ನೆರಳು ತೆಳುವಾಗಿಸಲು ಕೊಂಬೆ ಸವರುವುದು) ಮಾಡುವುದರಿಂದ ಹರೆ, ಅಂದರೆ ಕೊಂಬೆ, ಕಡಿಮೆ, ಗುಂಡು ಸಲೀಸಾಗಿ ಇಳಿಯುತ್ತದೆ. ಆದರೆ ಅದರ ಹರೆ ಪೆಡಸು. ಒಳ್ಳೆ ಗಾಳಿ ಬಂದ ದಿನ ಹರೆ, ಹಗ್ಗ, ಆಂಟೆನಾ ಮೂರೂ ಒಟ್ಟಿಗೆ ಕೆಳಗೆ ಬರುತ್ತವೆ. ಸಿಲ್ವರ್ ಓಕ್ ಬಳಸುವುದಾದರೆ ಹಗ್ಗ ಕಾಂಡಕ್ಕೆ ಅಂಟಿದ ಕವಲಿನಲ್ಲೇ ಕೂರಬೇಕು, ತುದಿಗಲ್ಲ. ಇನ್ನೊಂದು ತೊಡಕು, ಅದರ ಮೈತುಂಬ ಮೆಣಸಿನ ಬಳ್ಳಿ ಹಬ್ಬಿರುತ್ತದೆ. ಹಗ್ಗ ಎಳೆದರೆ ಕರಗಸದ ಹಾಗೆ ಬಳ್ಳಿ ಕೊಯ್ಯುತ್ತದೆ. ಕಾಳುಮೆಣಸಿನ ರೇಟು ಗೊತ್ತಿರುವ ಯಾರೂ ಆ ಕೆಲಸ ಮಾಡುವುದಿಲ್ಲ. ಬಳ್ಳಿ ಇರುವ ಮರ ಬಿಟ್ಟುಬಿಡಿ.

ಮತ್ತಿ ನನ್ನ ಮೆಚ್ಚಿನ ಮರ. ಗಟ್ಟಿ ಹರೆ, ಬೇಸಿಗೆಯಲ್ಲಿ ಎಲೆ ಉದುರಿಸುತ್ತದೆ, ಆಗ ಕವಲುಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟ. ಒಂದೇ ಲೋಪ ಅಂದರೆ ತೊಗಟೆ ಮೊಸಳೆ ಚರ್ಮದಂತೆ ಒರಟು, ದಪ್ಪ ಹುರಿ ಜಾರುವುದಿಲ್ಲ. ಅದಕ್ಕೆ ಪರಿಹಾರ ಮುಂದೆ ಹೇಳುತ್ತೇನೆ. ಹಲಸು ಗಟ್ಟಿಯೇ, ಆದರೆ ಎಲೆ ಎಷ್ಟು ದಟ್ಟ ಅಂದರೆ ಗುಂಡು ಒಳಗೆ ಹೋದದ್ದೇ ಗೊತ್ತು. ಮಾವೂ ಹಾಗೇ, ಜೊತೆಗೆ ಚಗಳಿ (ಕೆಂಪು ಇರುವೆ) ಗೂಡು ಇದ್ದರೆ ದಾರ ಎಳೆದಾಗ ಅವು ಉದುರುವುದು ನೇರ ನಿಮ್ಮ ಕುತ್ತಿಗೆಗೆ. ಅಕೇಶಿಯಾ ಮುರಿಯುವುದಕ್ಕೇ ಹುಟ್ಟಿದ ಮರ. ನೀಲಗಿರಿ ತಾನಾಗಿಯೇ ಹರೆ ಕಳಚುತ್ತದೆ. ತೆಂಗು ಬೇಡ, ಬಿದ್ದ ಒಂದು ಗರಿ ಸಾಕು ತಂತಿ ಹರಿಯಲು. ಅಡಿಕೆಗೆ ಕೊಂಬೆಯೇ ಇಲ್ಲ, ಗಾಳಿಗೆ ಅದು ಬಾಗುವ ರೀತಿ ನೋಡಿದರೆ ಇದ್ದರೂ ಪ್ರಯೋಜನವಿರಲಿಲ್ಲ.

ಮರ ಹತ್ತುವವರನ್ನು ಕೇಳುವುದು ಎಲ್ಲಕ್ಕಿಂತ ಒಳ್ಳೆಯದು. ನಾನು ಒಂದು ದೊಡ್ಡ ಹೊನ್ನೆಯ ಹರೆ ತೋರಿಸಿ ಇದು ಹೇಗೆ ಅಂದಾಗ, ನಮ್ಮಲ್ಲಿ ಮರಗಸಿ ಮಾಡುವವನು ಮೇಲೆ ನೋಡಲೇ ಇಲ್ಲ, ಮರವನ್ನು ಒಂದು ಸುತ್ತು ಬಂದ. "ಬೇಡ ಗೌಡ್ರೇ, ಅದು ಟೊಳ್ಳು. ಬುಡದಲ್ಲಿ ಅಣಬೆ ಎದ್ದಿದೆ ನೋಡಿ. ಮೇಲೆ ಮರಕುಟಿಗ ತೂತು ಮಾಡಿರ್ತದೆ." ಬೈನಾಕ್ಯುಲರ್ ತಂದು ನೋಡಿದೆ. ಆ ಹರೆಯ ಅಡಿಯಲ್ಲಿ, ಕೆಳಗಿನಿಂದ ನೆರಳಿನಂತೆ ಕಾಣುತ್ತಿದ್ದದ್ದು ಎರಡು ದುಂಡನೆಯ ತೂತು.

ಬೈನಾಕ್ಯುಲರ್ ಇನ್ನೊಂದು ಕಾರಣಕ್ಕೂ ಬೇಕೇ ಬೇಕು: ಹೆಜ್ಜೇನು. ಎತ್ತರದ ಮರದ ದಪ್ಪ ಹರೆಯ ಅಡಿಯೇ ಅದಕ್ಕೆ ಇಷ್ಟವಾದ ಜಾಗ. ಆಂಟೆನಾಗೂ ಅದೇ ಹರೆ ಬೇಕು. ಸೀಸದ ಗುಂಡು ಹುಟ್ಟಿಗೆ ಬಿದ್ದರೆ ನೀವು ಓಡಿ ತಪ್ಪಿಸಿಕೊಳ್ಳುವ ಮಾತಿಲ್ಲ. ಮರದ ನಾಲ್ಕೂ ಕಡೆಯಿಂದ, ಬೆಳಕು ಚೆನ್ನಾಗಿರುವಾಗ ನೋಡಿ. ಒಂದು ಹುಟ್ಟು ಕಂಡರೂ ಆ ಮರದ ತಂಟೆಗೆ ಹೋಗಬೇಡಿ, ಪಕ್ಕದ ಮರಕ್ಕೂ ಹೊಡೆಯಬೇಡಿ. ಜೇನು ಎದ್ದು ಹೋಗುವವರೆಗೆ ಕಾಯಿರಿ. ಕಣಜದ ಗೂಡಿಗೂ ಇದೇ ಮಾತು.

ಮೂರನೆಯದು ಕರೆಂಟು. ತೋಟಗಳ ನಡುವೆಯೇ 11 ಕೆವಿ ಲೈನು ಹಾದುಹೋಗಿರುತ್ತದೆ, ಮನೆಗೆ ಬರುವ ತಂತಿಗೂ ಎಷ್ಟೋ ಕಡೆ ಹೊದಿಕೆ ಇರುವುದಿಲ್ಲ. ನನ್ನ ಲೆಕ್ಕ ಸರಳ. ಗುಂಡು ಅತಿ ದೂರ ಹಾರಿದರೂ, ಹಗ್ಗ ಕಳಚಿ ಆಂಟೆನಾ ಉದ್ದಕ್ಕೆ ಬಿದ್ದರೂ, ಮರವೇ ಉರುಳಿದರೂ ಲೈನು ತಾಗಬಾರದು. ಅಷ್ಟು ದೂರ ಇಲ್ಲದಿದ್ದರೆ ಆ ಮರ ಲೆಕ್ಕಕ್ಕೇ ಇಲ್ಲ. ಒದ್ದೆಯಾದ ನೈಲಾನ್ ದಾರ ಕರೆಂಟಿಗೆ ನಿರೋಧಕ ಅಂತ ನಂಬಿಕೊಂಡು ಕೂರಬೇಡಿ.

ದಾರದ ಲೆಕ್ಕ

ಗುಂಡು ಯಾಕೆ ಇಳಿಯುವುದಿಲ್ಲ? ಕೊಂಬೆಯ ಮೇಲೆ ಅರ್ಧ ಸುತ್ತು ಬಳಸಿ ಬರುವ ದಾರಕ್ಕೆ ತೊಗಟೆ ಉಜ್ಜುತ್ತದೆ. ಈ ಉಜ್ಜಾಟ ಸುತ್ತು ಹೆಚ್ಚಿದಂತೆ ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ. ಘರ್ಷಣಾಂಕ (ಉಜ್ಜಾಟದ ಅಳತೆ) 0.4 ಅಂತ ಇಟ್ಟುಕೊಂಡರೆ ಅರ್ಧ ಸುತ್ತಿಗೆ ಸುಮಾರು ಮೂರೂವರೆ ಪಟ್ಟು. ಅಂದರೆ ಈಚೆ ಬದಿಯಲ್ಲಿ ನೇತಾಡುವ ದಾರದ ತೂಕದ ಮೂರೂವರೆ ಪಟ್ಟಿಗಿಂತ ಗುಂಡು ಭಾರವಿರಬೇಕು, ಆಗ ಮಾತ್ರ ಇಳಿಯುತ್ತದೆ. ದಾರ ಇನ್ನೊಂದು ಕೊಂಬೆಯನ್ನು ಅಷ್ಟೇ ಬಳಸಿದರೆ ಅದು ಹನ್ನೆರಡು ಪಟ್ಟು.

ಈಗ ಲೆಕ್ಕ ಹಾಕಿ. ಗಾರೆ ಕೆಲಸದವರು ಬಳಸುವ 2 ಮಿಲಿಮೀಟರ್ ನೈಲಾನ್ ಹುರಿ 20 ಮೀಟರಿಗೆ ಸುಮಾರು 50 ಗ್ರಾಂ. ಗುಂಡು 175 ಗ್ರಾಂ ಆದರೂ ಬೇಕು. ಚಾಟಿಬಿಲ್ಲಿನಿಂದ ಅಷ್ಟು ಭಾರ 60 ಅಡಿಗೆ ಹೋಗುವುದಿಲ್ಲ. ಅದೇ 0.40 ಮಿಲಿಮೀಟರಿನ ಗಾಳದ ದಾರ 20 ಮೀಟರಿಗೆ 3 ಗ್ರಾಂ. ಹತ್ತು ಗ್ರಾಂ ಗುಂಡೂ ತತ್ವದಲ್ಲಿ ಇಳಿಯುತ್ತದೆ. ಎಲೆ, ಒರಟು ತೊಗಟೆ, ಎರಡನೇ ಕೊಂಬೆ ಎಲ್ಲ ಸೇರಿಸಿ 40ರಿಂದ 60 ಗ್ರಾಂ ಹಾಕಿದರೆ ಮತ್ತಿಯ ಮೇಲಿಂದಲೂ ಜಾರುತ್ತದೆ. ಹುರಿಯನ್ನೇ ನೇರವಾಗಿ ಹೊಡೆಯಲು ಹೋಗಬಾರದು ಅನ್ನುವುದಕ್ಕೆ ಕಾರಣ ಇಷ್ಟೇ. ವಿದೇಶದಲ್ಲಿ ಮರ ಸವರುವ ವೃತ್ತಿಯವರು ದಪ್ಪ ಹುರಿಯನ್ನೇ ಬಳಸುತ್ತಾರೆ, ಆದರೆ ಅವರ ಎಸೆಯುವ ಚೀಲ 350-450 ಗ್ರಾಂ ಇರುತ್ತದೆ, ಹೊಡೆಯಲು ಆಳೆತ್ತರದ ಕೋಲಿಗೆ ಕಟ್ಟಿದ ದೊಡ್ಡ ಚಾಟಿಬಿಲ್ಲು ಇರುತ್ತದೆ.

ಗುಂಡಿನ ಆಕಾರವೂ ಮುಖ್ಯ. ಗಾಳಕ್ಕೆ ಕಟ್ಟುವ ಮೊಟ್ಟೆಯಾಕಾರದ ಸೀಸ ಎಲ್ಲಕ್ಕಿಂತ ಒಳ್ಳೆಯದು. ಮೂಲೆ ಇರುವ ನಟ್ಟು, ಬೋಲ್ಟು ಬೇಡ, ಎಂಥ ಸಣ್ಣ ಕವಲಾದರೂ ಅವನ್ನು ಹಿಡಿದುಕೊಳ್ಳುತ್ತದೆ. ಸೀಸಕ್ಕೆ ಕಿತ್ತಳೆ ಪೇಂಟ್ ಬಳಿಯಿರಿ, ಇಲ್ಲದಿದ್ದರೆ ಕಾಫಿ ಗಿಡದ ಕೆಳಗೆ ಹುಡುಕುತ್ತ ಕೂರುವಾಗ ಉಂಬಳಗಳಿಗೆ ಹಬ್ಬ. ಬಟ್ಟೆ ಬಾವುಟ ಕಟ್ಟಬೇಡಿ, ಅದು ಸಿಕ್ಕಿಕೊಳ್ಳುತ್ತದೆ.

ದಾರ ಬಿಚ್ಚಿಕೊಳ್ಳಲು ಗಾಳದ ರೀಲು ಬೇಕು. ತಿರುಗದೆ ನಿಂತಿರುವ ಸುರುಳಿಯ ತಲೆಯ ಮೇಲಿಂದ ದಾರ ಸುಲಿದುಕೊಂಡು ಹೋಗುವ ಜಾತಿಯ ರೀಲು. ಇದನ್ನು ಚಾಟಿಬಿಲ್ಲಿನ ಹಿಡಿಗೇ ಹೋಸ್ ಕ್ಲಿಪ್ಪಿನಿಂದ ಬಿಗಿದುಬಿಟ್ಟರೆ ಒಬ್ಬರೇ ಕೆಲಸ ಮಾಡಬಹುದು. ರೀಲು ಇಲ್ಲದಿದ್ದರೆ ಅಗಲವಾದ ಪ್ಲಾಸ್ಟಿಕ್ ಬಾಂಡ್ಲಿಯಲ್ಲಿ ದಾರವನ್ನು ಸಡಿಲವಾಗಿ ಸುತ್ತುಸುತ್ತಾಗಿ ಬಿಡಿ. ನೆಲದ ಮೇಲೆ ಹರಡಿದರೆ ಒಂದು ಒಣಗಿದ ಕಡ್ಡಿ ಸಾಕು ಎಲ್ಲ ಕೆಡಿಸಲು.

ಹೊಡೆಯುವುದು, ಇಳಿಸುವುದು

ಬೆಳಗ್ಗೆ ಏಳರಿಂದ ಒಂಬತ್ತರೊಳಗೆ, ಗಾಳಿ ಏಳುವ ಮೊದಲು. ಜನವರಿಯಿಂದ ಮಾರ್ಚ್‌ವರೆಗೆ ಎಲೆಯೂ ಕಡಿಮೆ, ಕೆಳಗೆ ಒಣನೆಲ. ಕಾಫಿ ಹೂವಾಗಿರುವ ವಾರ ಮಾತ್ರ ಗಿಡದೊಳಗೆ ನುಗ್ಗಬೇಡಿ.

ಗುರಿ ಇಡುವುದು ಮರದ ತುತ್ತತುದಿಗಲ್ಲ. ತುದಿಯಿಂದ ಹತ್ತಡಿ ಕೆಳಗೆ, ಮಣಿಕಟ್ಟಿನಷ್ಟು ಅಥವಾ ಅದಕ್ಕಿಂತ ದಪ್ಪದ ಹರೆ, ಕಾಂಡದ ಹತ್ತಿರದ ಭಾಗ. ಆ ಹರೆಗಿಂತ ಆರೇಳು ಅಡಿ ಮೇಲೆ ದಾರಿ ತೆರೆದಿರುವ ಕಡೆ ಆರಿಸಿ. ಆಮೇಲೆ ಮರದ ಆಚೆ ಹೋಗಿ ನೋಡಿ ಬನ್ನಿ. ಗುಂಡು ಇಳಿಯುವ ದಾರಿ ಯಾವುದು, ಕೆಳಗೆ ಏನಿದೆ? ಮನೆ ಹೆಂಚು, ಜೀಪಿನ ಗಾಜು, ಕೆಲಸದವರು ಓಡಾಡುವ ದಾರಿ ಇದ್ದರೆ ದಿಕ್ಕು ಬದಲಿಸಿ. ಕೆಳಗಿರುವವರಿಗೆಲ್ಲ ಹೇಳಿ, ಹೊಡೆಯುವ ಮೊದಲು ಜೋರಾಗಿ ಕೂಗಿ.

ಮರದಿಂದ 30-40 ಅಡಿ ಹಿಂದೆ ನಿಲ್ಲಿ. ಬುಡದಲ್ಲೇ ನಿಂತು ನೆತ್ತಿಗೆ ಹೊಡೆದರೆ ಗುಂಡು ನಿಮ್ಮ ನೆತ್ತಿಗೇ ಬರುತ್ತದೆ. ಕನ್ನಡಕ, ಬೈಕ್ ಹೆಲ್ಮೆಟ್ಟು ಎರಡೂ ಹಾಕಿ. ದಾರ ಬಿಲ್ಲಿನ ಕವಲಿನ ಹೊರಗಿನಿಂದ ಹಾದು ರೀಲಿಗೆ ಹೋಗುತ್ತಿದೆಯೇ, ಅಂಗಿಯ ಗುಂಡಿಗೆ ಸಿಕ್ಕಿದೆಯೇ ನೋಡಿಕೊಳ್ಳಿ. ರೀಲಿನ ಮುಂದೆ ದಾರ ಹಿಡಿಯುವ ಬಾಗಿದ ತಂತಿ ತೆರೆದಿರಲಿ. ಅದು ಮುಚ್ಚಿದ್ದರೆ ಗುಂಡು ದಾರ ಮುಗಿದ ಕಡೆಯಿಂದ ತಿರುಗಿ ಬಾಣದ ಹಾಗೆ ಬರುತ್ತದೆ.

ಇನ್ನು ಬೆರಳಿನ ಕೆಲಸ. ಗುಂಡು ಹರೆಯನ್ನು ದಾಟಿ ಸ್ವಲ್ಪ ಆಚೆ ಹೋದ ಕೂಡಲೇ ತೋರುಬೆರಳನ್ನು ರೀಲಿನ ಸುರುಳಿಯ ಅಂಚಿಗೆ ಮೆಲ್ಲಗೆ ಒತ್ತಿ. ದಾರ ತಡೆಯಿತು, ಗುಂಡಿನ ಓಟ ನಿಂತಿತು, ಅದು ಅಲ್ಲಿಂದ ನೇರ ಕೆಳಗೆ ಬೀಳಲು ಶುರು. ಈಗ ಬೆರಳು ತೆಗೆಯಿರಿ, ದಾರ ಬಿಡಿ. ತಡೆಯದಿದ್ದರೆ ಗುಂಡು ಇನ್ನೂ ಮೂರು ಮರ ದಾಟಿ, ಎಲ್ಲದರ ನೆತ್ತಿಯ ಮೇಲೂ ದಾರ ಹಾಸಿ, ಯಾರದೋ ತೋಟದಲ್ಲಿ ಇಳಿಯುತ್ತದೆ. ಪೂರ್ತಿ ಹಿಡಿದುಬಿಟ್ಟರೆ ಉಯ್ಯಾಲೆಯಾಗಿ ಹಿಂದಕ್ಕೆ ಬಂದು ಕೆಳಗಿನ ಹರೆಗೆ ಸುತ್ತಿಕೊಳ್ಳುತ್ತದೆ. ಇದು ಹೇಳಿ ಬರುವುದಲ್ಲ, ಬಯಲಿನಲ್ಲಿ ಒಂದು ಸಾಯಂಕಾಲ ಮರವೇ ಇಲ್ಲದೆ ಅಭ್ಯಾಸ ಮಾಡಿ. ನಮ್ಮ ಹುಡುಗರು ಗುರಿಯಲ್ಲಿ ನನಗಿಂತ ಎಷ್ಟೋ ಮೇಲು, ಆದರೆ ಈ ಬೆರಳಿಗೆ ಮಾತ್ರ ನನ್ನನ್ನೇ ಕರೆಯುತ್ತಾರೆ.

ಗುಂಡು ಅರ್ಧದಲ್ಲಿ ನಿಂತರೆ ಗಾಬರಿ ಬೇಡ. ದಾರವನ್ನು ಒಂದಡಿ ಎಳೆದು ಪಟ್ಟನೆ ಬಿಡಿ. ಮತ್ತೆ ಎಳೆದು ಬಿಡಿ. ಗಾಳದ ದಾರ ರಬ್ಬರಿನಂತೆ ಹಿಗ್ಗುವುದರಿಂದ ಗುಂಡು ಕುಣಿದು ಕುಣಿದು, ಎಲೆಯಿಂದ ಎಲೆಗೆ ಇಳಿಯುತ್ತದೆ. ಅದಕ್ಕೂ ಬಗ್ಗದಿದ್ದರೆ ನೀವು ಹತ್ತು ಹೆಜ್ಜೆ ಎಡಕ್ಕೋ ಬಲಕ್ಕೋ ಸರಿದು ನಿಂತು ಅದೇ ಮಾಡಿ. ಸುತ್ತಿಕೊಂಡ ಕಡೆ ಕೋನ ಬದಲಾದರೆ ಎಷ್ಟೋ ಸಲ ತಾನೇ ಬಿಡುತ್ತದೆ.

ಸಿಕ್ಕಿದ ಗುಂಡನ್ನು ಬಲವಾಗಿ ಜಗ್ಗಬೇಡಿ. ಹಿಗ್ಗಿದ ದಾರದ ತುದಿಯ 60 ಗ್ರಾಂ ಸೀಸ ಕವಲಿನಿಂದ ಕಳಚಿದ ಕ್ಷಣ ನಿಮ್ಮ ಮುಖದ ಕಡೆಗೇ ಹೊರಡುತ್ತದೆ, ಕಣ್ಣಿಗೆ ಕಾಣುವಷ್ಟು ನಿಧಾನವಾಗಿಯೂ ಬರುವುದಿಲ್ಲ. ದಾರವನ್ನು ಒಂದು ಕೋಲಿಗೆ ಸುತ್ತಿ, ಮರಕ್ಕೆ ಬೆನ್ನು ಹಾಕಿ, ತಲೆ ತಗ್ಗಿಸಿ ನಡೆದು ಎಳೆಯಿರಿ. ಹರಿದರೆ ಹರಿಯಲಿ. ಆದರೆ ಮೇಲೆ ಉಳಿದ ದಾರವನ್ನು ಸಾಧ್ಯವಾದಷ್ಟೂ ಎಳೆದು ತೆಗೆಯಿರಿ. ಈ ದಾರ ಕಣ್ಣಿಗೆ ಕಾಣುವುದಿಲ್ಲ, ಕೊಳೆಯುವುದೂ ಇಲ್ಲ, ಬಾವಲಿಗೋ ಗೂಬೆಗೋ ಅದೇ ಉರುಲು.

ಗುಂಡು ನೆಲಕ್ಕೆ ಬಂತು ಅಂತಿಟ್ಟುಕೊಳ್ಳಿ. ದಾರ ನಿಮಗೆ ಬೇಕಾದ ಹರೆಯ ಮೇಲಿಲ್ಲ, ಮೂರು ಅಡಿ ಹೊರಗಿದೆ. ಗುಂಡನ್ನು ಕಟ್ಟಿಕೊಂಡೇ ವಾಪಸ್ ಎಳೆಯಬೇಡಿ. ಬಿಚ್ಚಿಬಿಡಿ, ಬರೀ ದಾರ ಎಲೆಗಳ ನಡುವೆ ಹಾವಿನಂತೆ ಜಾರಿ ಬರುತ್ತದೆ.

ದಾರದಿಂದ ಹುರಿ, ಹುರಿಯಿಂದ ಹಗ್ಗ

ಗಾಳದ ದಾರದ ತುದಿಗೆ 2 ಮಿಲಿಮೀಟರ್ ನೈಲಾನ್ ಹುರಿ, ಹುರಿಯ ತುದಿಗೆ 5 ಮಿಲಿಮೀಟರ್ ಹಗ್ಗ. ನಡುವಿನ ಹುರಿ ಬಿಟ್ಟು ನೇರ ಹಗ್ಗ ಕಟ್ಟಿದರೆ ದಾರ ಹರಿಯುತ್ತದೆ, ಆ ಮೂರೂವರೆ ಪಟ್ಟು ಇಲ್ಲೂ ಬಿಡುವುದಿಲ್ಲ. ಗಂಟು ದೊಡ್ಡದಾದಷ್ಟೂ ಕವಲಿಗೆ ಸಿಗುತ್ತದೆ. ಹಗ್ಗದ ತುದಿಯನ್ನು ಓರೆಯಾಗಿ ಕತ್ತರಿಸಿ, ಬೆಂಕಿಯಲ್ಲಿ ಸುಟ್ಟು ನುಣುಪು ಮಾಡಿ, ಹುರಿಯನ್ನು ಅದರ ಮೇಲೆ ಮೂರ್ನಾಲ್ಕು ಕಡೆ ಕುಣಿಕೆ ಹಾಕಿ ಬಿಗಿದು, ಮೇಲಿಂದ ಕರೆಂಟ್ ಟೇಪನ್ನು ತುದಿ ಚೂಪಾಗುವಂತೆ ಸುತ್ತಿ. ಮೇಲೆ ಹೋಗುವಾಗ ತಡೆದರೆ ಎರಡು ಅಡಿ ಹಿಂದಕ್ಕೆ ಬಿಟ್ಟು ಮತ್ತೆ ಎಳೆಯಿರಿ. ಆಚೆ ಒಬ್ಬರು ಹಗ್ಗ ಬಿಡುತ್ತಿರಬೇಕು, ಈಚೆ ಒಬ್ಬರು ಎಳೆಯಬೇಕು, ಇಬ್ಬರೂ ಕೂಗಿಕೊಂಡು. ಕೈಗವಸು ಹಾಕದೆ ಗಾಳದ ದಾರ ಎಳೆದರೆ ಬೆರಳು ಕೊಯ್ಯುತ್ತದೆ.

ಅಂಗಡಿಯಲ್ಲಿ ಸಿಗುವ ನೀಲಿ, ಹಳದಿ ಪ್ಲಾಸ್ಟಿಕ್ ಹಗ್ಗ ಅಗ್ಗ, ಆದರೆ ಬಿಸಿಲಿಗೆ ಪುಡಿಪುಡಿ. ನೈಲಾನ್ ಗಟ್ಟಿ, ಆದರೆ ನಮ್ಮ ಜುಲೈ ಮಳೆಗೆ ನೆನೆದು ಹಿಗ್ಗಿ ಆಂಟೆನಾ ಜೋತುಬೀಳುತ್ತದೆ. ಬಿಸಿಲು ತಡೆಯುವ ಕಪ್ಪು ಪಾಲಿಯೆಸ್ಟರ್ ಹೆಣಿಗೆ ಹಗ್ಗ ಸಿಕ್ಕರೆ ಎರಡು ಮಾತಾಡದೆ ತನ್ನಿ.

ಆಂಟೆನಾವನ್ನು ಈ ಹಗ್ಗಕ್ಕೇ ಕಟ್ಟಬೇಡಿ. ಹಗ್ಗದ ತುದಿಗೆ ಒಂದು ಸಣ್ಣ ರಾಟೆ ಕಟ್ಟಿ, ರಾಟೆಯೊಳಗೆ ಇನ್ನೊಂದು ಹಗ್ಗ ಪೋಣಿಸಿ, ಅದರ ಎರಡೂ ತುದಿ ಕೆಳಗೇ ಇರುವಂತೆ ರಾಟೆಯನ್ನು ಮೇಲಕ್ಕೆಳೆಯಿರಿ. ಈ ಎರಡನೇ ಹಗ್ಗದ ಎರಡು ತುದಿಗಳನ್ನು ಸೇರಿಸಿ ಗಂಟು ಹಾಕಿ ಮಾಲೆ ಮಾಡಿಬಿಟ್ಟರೆ, ಆಂಟೆನಾ ತಂತಿ ಹರಿದರೂ ಹಗ್ಗ ರಾಟೆಯಿಂದ ಕಳಚಿ ಬರುವುದಿಲ್ಲ. ಇನ್ನು ಮುಂದೆ ಬಾವುಟ ಏರಿಸಿದಂತೆ ಏರಿಸಿ, ಇಳಿಸಿ. ಮರದ ಮೇಲೆ ಕೂತ ಮೊದಲ ಹಗ್ಗ ಅಲ್ಲಾಡುವುದೇ ಇಲ್ಲ. 50 ಅಡಿ ಎತ್ತರಕ್ಕೆ ಇದು ನೂರಡಿಯ ಎರಡು ಹಗ್ಗ, ಜೊತೆಗೆ ಬುಡದಲ್ಲಿ ಕಟ್ಟಿಕೊಳ್ಳಲು ಹತ್ತಿಪ್ಪತ್ತು ಅಡಿ ಹೆಚ್ಚು. ರಾಟೆಯ ಗಾಲಿ ಮತ್ತು ಪಟ್ಟಿಯ ನಡುವಿನ ಸಂದಿ ಹಗ್ಗಕ್ಕಿಂತ ಕಿರಿದಾಗಿರಬೇಕು, ಇಲ್ಲದಿದ್ದರೆ ಹಗ್ಗ ಸಂದಿಗೆ ಜಾರಿ ಕಚ್ಚಿಕೊಳ್ಳುತ್ತದೆ. ದೋಣಿಗೆ, ಡೇರೆಗೆ ಬಳಸುವ ಸ್ಟೀಲ್ ರಾಟೆ ಒಳ್ಳೆಯದು, ಬಾವಿ ರಾಟೆ ಭಾರ.

ಕೆಳಗಿನ ತುದಿಯನ್ನು ಕಾಂಡಕ್ಕೆ ಬಿಗಿಯಾಗಿ ಸುತ್ತಿ ಮರೆಯಬೇಡಿ. ಮರ ದಪ್ಪವಾಗುತ್ತದೆ, ಹಗ್ಗ ಆಗುವುದಿಲ್ಲ, ತೊಗಟೆಯೊಳಗೆ ಹೂತು ಮರವನ್ನೇ ಕತ್ತು ಹಿಸುಕುತ್ತದೆ. ಹಳೆ ಟ್ಯೂಬಿನ ತುಂಡು ಇಟ್ಟು ಸಡಿಲವಾಗಿ ಕಟ್ಟಿ. ಮೊಳೆ ಹೊಡೆಯುವ ಯೋಚನೆಯೇ ಬೇಡ.

ಎರಡು ಮರಗಳ ನಡುವೆ ಡೈಪೋಲ್ ಕಟ್ಟಿದರೆ ಗಾಳಿಗೆ ಒಂದು ಮರ ಆ ಕಡೆ, ಇನ್ನೊಂದು ಈ ಕಡೆ ವಾಲಿ ತಂತಿ ಪಟ್ ಅನ್ನುತ್ತದೆ. ಒಂದು ಬದಿ ಗಟ್ಟಿಯಾಗಿ ಕಟ್ಟಿ, ಇನ್ನೊಂದು ಬದಿಯ ಹಗ್ಗ ರಾಟೆಯಿಂದ ಇಳಿದು ಬರುವ ಕಡೆ 5 ಲೀಟರಿನ ಎಣ್ಣೆ ಕ್ಯಾನಿಗೆ ನೀರು ತುಂಬಿ ನೇತುಹಾಕಿ. ಅದೇ 5 ಕಿಲೋ ಎಳೆತ. ಮರ ವಾಲಿದಾಗ ಕ್ಯಾನು ಮೇಲೇರುತ್ತದೆ, ಬಂದಾಗ ಇಳಿಯುತ್ತದೆ. ಇಷ್ಟು ಎಳೆತಕ್ಕೆ, ಮಾಮೂಲಿ ಮನೆ ವೈರಿನ ಡೈಪೋಲ್ ಮತ್ತು ಅದರ ನಡುವಿನಿಂದ ರೇಡಿಯೋಗೆ ಇಳಿಬಿದ್ದ ಆರ್‌ಜಿ-58 ಕೇಬಲ್ ಸೇರಿ, ಮಧ್ಯ ಭಾಗ ನಾಲ್ಕೈದು ಅಡಿ ಜೋತುಬೀಳುತ್ತದೆ. ಬೀಳಲಿ. ಅದನ್ನು ನೆಟ್ಟಗೆ ಮಾಡಲು ಹೋಗಿ ಬಟ್ಟೆ ಒಣಗಿಸುವ ತಂತಿಯಂತೆ ಬಿಗಿದವರ ಆಂಟೆನಾಗಳು ಮೊದಲ ಮಳೆಗಾಲ ದಾಟುವುದಿಲ್ಲ. ಕ್ಯಾನಿನ ಕೆಳಗೆ ಮಕ್ಕಳು ಆಡದ ಜಾಗ ಇರಲಿ. ತಂತಿಯ ತುದಿಗೂ ಎಲೆಗಳಿಗೂ ಆರೇಳು ಅಡಿ ಅಂತರ ಇರಬೇಕು, ಒದ್ದೆ ಎಲೆ ತಾಗಿದರೆ ಎಸ್‌ಡಬ್ಲ್ಯೂಆರ್ ಮಳೆಗೊಂದು ಬಿಸಿಲಿಗೊಂದು ಆಟ ಆಡುತ್ತದೆ.

ಬೇರೆ ದಾರಿಗಳು

ಅಡಿಕೆಗೆ ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿ ಈಗ ಎಷ್ಟೋ ತೋಟಗಳಲ್ಲಿದೆ. 40 ಅಡಿಯವರೆಗೆ ಅದರ ತುದಿಯಿಂದ ದಾರವನ್ನು ಬೇಕಾದ ಕವಲಿಗೇ ತೊಡಿಸಿ ಬರಬಹುದು, ಚಾಟಿಬಿಲ್ಲಿಗಿಂತ ಅಚ್ಚುಕಟ್ಟು. ಆದರೆ ಕಾರ್ಬನ್ ಫೈಬರ್‌ನಲ್ಲಿ ಕರೆಂಟು ಹರಿಯುತ್ತದೆ, ಅಲ್ಯೂಮಿನಿಯಂ ದೋಟಿ, ಏಣಿಗಳಂತೆಯೇ. ಎತ್ತಿ ಹಿಡಿದ ದೋಟಿ ವಾಲಿದರೆ ಕೈಯಲ್ಲಿ ನಿಲ್ಲುವುದಿಲ್ಲ. ಲೈನು ಹತ್ತಿರ ಇರುವ ಕಡೆ ಅದನ್ನು ನೆಟ್ಟಗೆ ನಿಲ್ಲಿಸಲೇಬೇಡಿ.

ಡ್ರೋನ್ ಇರುವ ಗೆಳೆಯರಿದ್ದರೆ ಕೆಲಸ ಹತ್ತು ನಿಮಿಷದ್ದು. ಡ್ರೋನಿನಿಂದ ಮೂರು ಮೀಟರ್ ಕೆಳಗೆ 20-30 ಗ್ರಾಂ ತೂಕ, ಅಲ್ಲಿಂದ ಗಾಳದ ದಾರ. ದಾರ ರೆಕ್ಕೆಗೆ ಹತ್ತಿರ ಬರಬಾರದು ಅನ್ನುವುದಕ್ಕೇ ಆ ಮೂರು ಮೀಟರ್. ಮರದ ಮೇಲಿಂದ ದಾಟಿಸಿ, ಆಚೆ ತೆರೆದ ಜಾಗದಲ್ಲಿ ನೆಟ್ಟಗೆ ಇಳಿಸಿ. 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂವರೆಗಿನದು ನ್ಯಾನೋ ವರ್ಗ. ಹಾರಿಸುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ಹಸಿರು ವಲಯದಲ್ಲಿದೆಯೇ ನೋಡಿ. ಹೊರದೇಶದ ಹ್ಯಾಮ್‌ಗಳು ಪಿವಿಸಿ ಪೈಪಿಗೆ ಗಾಳಿ ತುಂಬಿ ಟೆನಿಸ್ ಚೆಂಡು ಹಾರಿಸುತ್ತಾರೆ. ನಮ್ಮಲ್ಲಿ ಅಂಥದ್ದನ್ನು ಹಿಡಿದು ತೋಟದಲ್ಲಿ ನಿಂತರೆ ಮೊದಲು ಬರುವವರು ಪೊಲೀಸರು. ಪಿವಿಸಿ ಒಡೆದರೆ ಚೂರು ಚೂರಾಗಿ ಸಿಡಿಯುತ್ತದೆ ಅನ್ನುವುದು ಬೇರೆ.

ಮರ ಹತ್ತುವವರ ಕೈಯಲ್ಲಿ ರಾಟೆ ಕೊಟ್ಟು ಕಟ್ಟಿಸುವುದು ಎಲ್ಲಕ್ಕಿಂತ ಭದ್ರ. ಆದರೆ ನಮ್ಮ ಹವ್ಯಾಸಕ್ಕೆ ಅಂತಲೇ ಯಾರನ್ನೂ 60 ಅಡಿ ಹತ್ತಿಸಬೇಡಿ. ಮೆಣಸು ಕೊಯ್ಲಿಗೋ ಮರಗಸಿಗೋ ಅವರು ಹೇಗೂ ಆ ಮರದ ಮೇಲೆ ಇರುವ ದಿನ ನೋಡಿಕೊಂಡು, ಸೊಂಟಕ್ಕೆ ಬೆಲ್ಟು ಇದ್ದರೆ ಮಾತ್ರ, ಒಂದು ರಾಟೆ ಮೇಲೆ ಕಳಿಸಿ. ಆ ಕೆಲಸಕ್ಕೆ ಕೂಲಿ ಬೇರೆ ಕೊಡಿ.

ಮೇಲೇರಿದ ಮೇಲೆ

ಏಪ್ರಿಲ್-ಮೇ ತಿಂಗಳ ಸಿಡಿಲಿಗೆ ನಮ್ಮ ಕಡೆ ಎತ್ತರದ ಮರಗಳೇ ಮೊದಲ ಗುರಿ. ಮೋಡ ಕಟ್ಟುವ ಮೊದಲೇ ಕೇಬಲನ್ನು ರೇಡಿಯೋದಿಂದ ಕಳಚಿ ಮನೆಯ ಹೊರಗೆ ಇಡಿ, ಸದ್ದು ಕೇಳಿದ ಮೇಲೆ ಆಂಟೆನಾ ಕೇಬಲ್ ಮುಟ್ಟಬೇಡಿ. ಮಂಗಗಳು ತಂತಿ ಹಿಡಿದು ಜೋಕಾಲಿ ಆಡುತ್ತವೆ, ಕೆಂಜಳಿಲು ಹಗ್ಗ ಕಡಿಯುತ್ತದೆ. ಎರಡಕ್ಕೂ ನನ್ನ ಹತ್ತಿರ ಮದ್ದಿಲ್ಲ, ಹೆಚ್ಚುವರಿ ಹಗ್ಗ ಇಟ್ಟುಕೊಂಡಿದ್ದೇನೆ.

ಹಗ್ಗ ಸವೆಯುವುದು ಹರೆಯ ಮೇಲೆ ಕೂತ ಆ ಒಂದು ಗೇಣಿನಲ್ಲಿ, ಕೆಳಗಿನಿಂದ ಅದು ಕಾಣುವುದಿಲ್ಲ. ಮೇ ಕೊನೆಗೆ ಮತ್ತು ದೀಪಾವಳಿ ಹೊತ್ತಿಗೆ ಮೊದಲ ಹಗ್ಗವನ್ನು ಬುಡದಲ್ಲಿ ಬಿಚ್ಚಿ ಎರಡಡಿ ಸಡಿಲಿಸಿ ಮತ್ತೆ ಕಟ್ಟಿ, ಸವೆದ ಜಾಗ ಹರೆಯಿಂದ ಆಚೆ ಸರಿಯುತ್ತದೆ. ಇದಕ್ಕೆ ಅಂತಲೇ ಮೊದಲು ಕಟ್ಟುವಾಗ ಹತ್ತಿಪ್ಪತ್ತು ಅಡಿ ಉಳಿಸಿ ಅಂದದ್ದು. ಸರಿಸಿದಾಗ ಬೈನಾಕ್ಯುಲರಿನಲ್ಲಿ ಆ ಗೇಣು ನೋಡಿ. ಹೊರ ಹೆಣಿಗೆ ಎದ್ದು ಒಳಗಿನ ಬಿಳಿ ಎಳೆ ಕಂಡರೆ ಹರಿಯುವವರೆಗೆ ಕಾಯಬೇಡಿ. ಹಳೆ ಹಗ್ಗದ ತುದಿಗೇ ಹೊಸ ಹಗ್ಗ ಜೋಡಿಸಿ ಎಳೆದುಕೊಳ್ಳಿ, ಚಾಟಿಬಿಲ್ಲು ಹೊರಗೆ ತೆಗೆಯುವ ಕೆಲಸ ತಪ್ಪುತ್ತದೆ.